ಓವರ್ ದಿ ಕ್ಯಾಪ್ ಕ್ಯಾಲ್ಕುಲೇಟರ್: ಎನ್‌ಎಫ್‌ಎಲ್ ತಂಡದ ಸಂಬಳ ಮಿತಿಯ ಲೆಕ್ಕ ಮಾಡುವವರಿಗೆ ಒಂದು ವಿಮರ್ಶೆ

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸೀಸನ್ ಮುಗಿದ ಮೇಲೆ ಶುರುವಾಗುವ ಆಟ ಮೈದಾನದಲ್ಲಿ ನಡೆಯುವುದಿಲ್ಲ, ಲೆಕ್ಕದ ಹಾಳೆಯ ಮೇಲೆ ನಡೆಯುತ್ತದೆ. 2025ರಲ್ಲಿ ಒಂದೊಂದು ತಂಡಕ್ಕೂ ಸಂಬಳದ ಮಿತಿ (ಕ್ಯಾಪ್) 27.92 ಕೋಟಿ ಡಾಲರ್ ಇತ್ತು. ಮಾರ್ಚ್ ಮಧ್ಯದಲ್ಲಿ ಲೀಗಿನ ಹೊಸ ವರ್ಷ ಶುರುವಾಗುವ ದಿನ, ನ್ಯೂಯಾರ್ಕ್ ಸಮಯ ಸಂಜೆ 4 ಗಂಟೆಗೆ (ನಮ್ಮಲ್ಲಿ ಮಧ್ಯರಾತ್ರಿ ಕಳೆದು 1.30), 32 ತಂಡಗಳೂ ಆ ಮಿತಿಯ ಒಳಗಿರಲೇಬೇಕು. ಐಪಿಎಲ್ ಹರಾಜಿನ ಪರ್ಸ್ ನೋಡಿ ಅಭ್ಯಾಸವಾದವರಿಗೆ ಇದು ಸುಲಭ ಅನ್ನಿಸಬಹುದು. ಅಲ್ಲಿ ಆಟಗಾರನಿಗೆ 21 ಕೋಟಿ ಕೊಟ್ಟರೆ ಆ ವರ್ಷದ ಪರ್ಸ್‌ನಿಂದ 21 ಕೋಟಿ ಹೋಯಿತು, ಲೆಕ್ಕ ಮುಗಿಯಿತು. ಇಲ್ಲಿ ಇವತ್ತು ಕೈಗೆ ಕೊಟ್ಟ ಹಣವನ್ನು ಐದು ವರ್ಷಗಳ ಲೆಕ್ಕಕ್ಕೆ ಹಂಚಿ ಬರೆಯಬಹುದು. ಆಟಗಾರ ತಂಡ ಬಿಟ್ಟುಹೋದ ಮೇಲೂ ಅವನ ಹೆಸರಿನ ಬಾಕಿ ತಂಡದ ಪುಸ್ತಕದಲ್ಲಿ ಉಳಿಯುತ್ತದೆ. ಹಾಗಾಗಿ ಕಾಗದ, ಪೆನ್ನು ಸಾಲುವುದಿಲ್ಲ. ಒಳ್ಳೆಯ ಕ್ಯಾಲ್ಕುಲೇಟರ್ ಬೇಕು.

ಬೇ ಏರಿಯಾದಲ್ಲೋ ಡಲ್ಲಾಸ್‌ನಲ್ಲೋ ಇದ್ದು ಅಲ್ಲಿನ ತಂಡವನ್ನು ತಮ್ಮದು ಮಾಡಿಕೊಂಡ ಕನ್ನಡಿಗರಿಗೂ, ಇಲ್ಲೇ ಕೂತು ರಾತ್ರಿ ನಿದ್ದೆಗೆಟ್ಟು ಪಂದ್ಯ ನೋಡುವವರಿಗೂ ಈ ಕೆಲಸಕ್ಕೆ ಓವರ್ ದಿ ಕ್ಯಾಪ್ ತಾಣವನ್ನೇ ಮೊದಲು ಹೇಳಬೇಕು. ಜೇಸನ್ ಫಿಟ್ಜ್‌ಜೆರಾಲ್ಡ್ ಕಟ್ಟಿದ ತಾಣವಿದು. ನ್ಯೂಯಾರ್ಕ್ ಜೆಟ್ಸ್ ತಂಡ ಒಂದರದೇ ಲೆಕ್ಕ ಇಡುವುದರಿಂದ ಶುರುವಾಗಿ ಆಮೇಲೆ ಇಡೀ ಲೀಗಿಗೆ ಬೆಳೆಯಿತು. ಇದರ ಕ್ಯಾಲ್ಕುಲೇಟರ್‌ಗೆ ಹಣ ಕೊಡಬೇಕಿಲ್ಲ. ತಂಡ ಆರಿಸಿ, ಆಟಗಾರರ ಪಟ್ಟಿಯಲ್ಲಿ ಯಾರನ್ನು ಕೈಬಿಡಬೇಕು, ಯಾರನ್ನು ಬೇರೆ ತಂಡಕ್ಕೆ ಕೊಡಬೇಕು, ಯಾರ ಒಪ್ಪಂದ ತಿದ್ದಬೇಕು ಎಂದು ಗುರುತು ಹಾಕುತ್ತ ಹೋದಂತೆ ಉಳಿಕೆ ಮೊತ್ತ ಬದಲಾಗುತ್ತದೆ. ಅಂಕಿಗಳೆಲ್ಲ 279,200,000 ಎಂಬ ಅಮೆರಿಕನ್ ರೀತಿಯಲ್ಲಿರುತ್ತವೆ. ಕೊನೆಯ ಏಳು ಅಂಕಿ ಬಿಟ್ಟು ಮುಂದಿನದನ್ನು ಓದಿದರೆ ನಮ್ಮ ಕೋಟಿ ಸಿಗುತ್ತದೆ.

ಕ್ಯಾಲ್ಕುಲೇಟರ್‌ಗೆ ಹೋಗುವ ಮುಂಚೆ ಎಲ್ಲ ತಂಡಗಳ ಉಳಿಕೆ ತೋರಿಸುವ ಪುಟ ನೋಡಬೇಕು. ಅಲ್ಲಿ ಎರಡು ಅಂಕಣಗಳಿವೆ: ಕ್ಯಾಪ್ ಸ್ಪೇಸ್, ಎಫೆಕ್ಟಿವ್ ಕ್ಯಾಪ್ ಸ್ಪೇಸ್. ಸುದ್ದಿಗಳಲ್ಲಿ ಬರುವುದು ಹೆಚ್ಚಾಗಿ ಮೊದಲನೆಯದು, ನೀವು ನಂಬಬೇಕಾದದ್ದು ಎರಡನೆಯದು. ಆಫ್‌ಸೀಸನ್‌ನಲ್ಲಿ 90 ಆಟಗಾರರನ್ನು ಇಟ್ಟುಕೊಳ್ಳಬಹುದಾದರೂ ಮಿತಿಯ ಲೆಕ್ಕಕ್ಕೆ ಬರುವುದು ಅತಿ ಹೆಚ್ಚು ಮೊತ್ತದ 51 ಒಪ್ಪಂದಗಳು ಮಾತ್ರ. ಅದರ ಜೊತೆಗೆ ಬಿಟ್ಟುಹೋದವರ ಬಾಕಿಯೂ, 51ರ ಆಚೆಗಿನವರ ಬೋನಸ್ ಕಂತೂ (ಸಹಿಗೆ ಕೊಟ್ಟ ಬೋನಸ್ಸಿನಲ್ಲಿ ಆ ವರ್ಷದ ಪಾಲು) ಸೇರುತ್ತವೆ. ಒಂದು ತಂಡಕ್ಕೆ 3 ಕೋಟಿ ಡಾಲರ್ ಉಳಿಕೆ ಇದೆ, ಆದರೆ ಒಪ್ಪಂದದಲ್ಲಿರುವವರು 40 ಜನ ಮಾತ್ರ ಅಂದುಕೊಳ್ಳಿ. ಉಳಿದ 11 ಜಾಗಕ್ಕೆ ಹೊಸಬರ ಕನಿಷ್ಠ ಸಂಬಳ (2025ರಲ್ಲಿ 8.4 ಲಕ್ಷ ಡಾಲರ್) ಹಾಕಿದರೂ 92.4 ಲಕ್ಷ ಹೋಗುತ್ತದೆ. ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಸುತ್ತು ಸುತ್ತಾಗಿ ಆರಿಸುವ ಕ್ರಮ) ಬರುವವರ ಸಂಬಳ ಅದರ ಮೇಲೆ. ಎರಡನೇ ಅಂಕಣ ಈ ಎರಡನ್ನೂ ಕಳೆದು ತೋರಿಸುತ್ತದೆ. ಈ ಒಂದು ಅಂಕಣಕ್ಕಾಗಿಯೇ ತಾಣಕ್ಕೆ ಅರ್ಧ ಅಂಕ ಜಾಸ್ತಿ ಕೊಡಬಹುದು.

ಡ್ರಾಫ್ಟ್ ಆಟಗಾರರ ಲೆಕ್ಕದಲ್ಲಿ ಉಲ್ಟಾ ತಪ್ಪನ್ನೂ ಮಾಡುವವರಿದ್ದಾರೆ. ಹೊಸಬರ ಒಟ್ಟು ಸಂಬಳ 1 ಕೋಟಿ ಅಂದರೆ 1 ಕೋಟಿಯನ್ನೂ ಎತ್ತಿಡಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. 51 ಜಾಗ ಭರ್ತಿಯಾಗಿದ್ದಾಗ 20 ಲಕ್ಷದ ಹೊಸಬ ಒಳಗೆ ಬಂದರೆ 8.4 ಲಕ್ಷದವನೊಬ್ಬ ಪಟ್ಟಿಯ ಆಚೆಗೆ ಹೋಗುತ್ತಾನೆ, ಹೆಚ್ಚುವರಿ ಹೊರೆ 11.6 ಲಕ್ಷ ಮಾತ್ರ. ಕೊನೆಯ ಸುತ್ತುಗಳಲ್ಲಿ ಆಯ್ಕೆಯಾದವರು ಎಷ್ಟೋ ಸಲ 51ರ ಒಳಗೇ ಬರುವುದಿಲ್ಲ. ಆಗ ಲೆಕ್ಕಕ್ಕೆ ಸೇರುವುದು ಅವರ ಬೋನಸ್ ಕಂತಷ್ಟೇ.

ಇನ್ನು ಆಟಗಾರನ ಪುಟ. ತಾಣದ ನಿಜವಾದ ಶಕ್ತಿ ಇರುವುದು ಇಲ್ಲಿ. ವರ್ಷಕ್ಕೊಂದು ಸಾಲು. ಮೂಲ ಸಂಬಳ, ಹಂಚಿದ ಬೋನಸ್, ರೋಸ್ಟರ್ ಬೋನಸ್ (ನಿಗದಿತ ದಿನ ತಂಡದಲ್ಲಿದ್ದರೆ ಸಿಗುವ ಹಣ), ಗ್ಯಾರಂಟಿ ಮೊತ್ತ, ಆ ವರ್ಷದ ಕ್ಯಾಪ್ ಹೊರೆ, ಅದು ಮಿತಿಯ ಶೇಕಡಾ ಎಷ್ಟು ಎಂಬುದಕ್ಕೆ ಬೇರೆ ಬೇರೆ ಅಂಕಣ. ಪಕ್ಕದಲ್ಲಿ ಜೂನ್ 1ಕ್ಕೆ ಮುಂಚೆ ಕೈಬಿಟ್ಟರೆ ಎಷ್ಟು ಬಾಕಿ, ಎಷ್ಟು ಉಳಿತಾಯ, ಆಮೇಲೆ ಬಿಟ್ಟರೆ ಎಷ್ಟು ಎಂದು ಬದಲಿಸಿ ನೋಡುವ ಸೌಲಭ್ಯ.

ಓದುವ ಕ್ರಮಕ್ಕೆ ಒಂದು ಲೆಕ್ಕ. ನಾಲ್ಕು ವರ್ಷದ ಒಪ್ಪಂದ, ಸಹಿಗೆ ಕೊಟ್ಟ ಸೈನಿಂಗ್ ಬೋನಸ್ 2 ಕೋಟಿ. ಬೋನಸ್ಸನ್ನು ಗರಿಷ್ಠ ಐದು ವರ್ಷಕ್ಕೆ ಸಮನಾಗಿ ಹಂಚಬಹುದು. ಇಲ್ಲಿ ಒಪ್ಪಂದವೇ ನಾಲ್ಕು ವರ್ಷದ್ದಾದ್ದರಿಂದ ವರ್ಷಕ್ಕೆ 50 ಲಕ್ಷ. ಮೂರನೇ ವರ್ಷದ ಸಂಬಳ 1.2 ಕೋಟಿ, ಗ್ಯಾರಂಟಿ ಇಲ್ಲ. ಆ ವರ್ಷದ ಹೊರೆ 1.7 ಕೋಟಿ. ಮಾರ್ಚ್‌ನಲ್ಲಿ ಕೈಬಿಟ್ಟರೆ ಉಳಿದ ಎರಡು ಕಂತೂ ಒಟ್ಟಿಗೆ ಈ ವರ್ಷಕ್ಕೆ ಬಂದು ಬೀಳುತ್ತವೆ: ಡೆಡ್ ಮನಿ (ಬಿಟ್ಟುಹೋದವನ ಬಾಕಿ) 1 ಕೋಟಿ, ಉಳಿತಾಯ 70 ಲಕ್ಷ. ಅದೂ ಪೂರ್ತಿ ಕೈಗೆ ಬರುವುದಿಲ್ಲ. ಅವನು ಹೋದ ಜಾಗಕ್ಕೆ 52ನೆಯವನು ಮೇಲೆ ಬರುತ್ತಾನೆ. ಅವನ ಸಂಬಳ 9.6 ಲಕ್ಷವಾದರೆ ನಿಜವಾಗಿ ಸಿಕ್ಕಿದ್ದು 60.4 ಲಕ್ಷ. ನಾಲ್ಕೈದು ಜನರನ್ನು ಒಟ್ಟಿಗೆ ಬಿಟ್ಟಾಗ ಈ ಸಣ್ಣ ವ್ಯತ್ಯಾಸವೇ 40-50 ಲಕ್ಷವಾಗಿ ನಿಲ್ಲುತ್ತದೆ.

ಅದೇ ಆಟಗಾರನನ್ನು ಜೂನ್ 1ರ ನಂತರದ ಬಿಡುಗಡೆ ಎಂದು ಗುರುತು ಮಾಡಿದರೆ ಈ ವರ್ಷಕ್ಕೆ 50 ಲಕ್ಷ, ಮುಂದಿನ ವರ್ಷಕ್ಕೆ 50 ಲಕ್ಷ ಬಾಕಿ. ಉಳಿತಾಯ 1.2 ಕೋಟಿ ಎಂದು ಪರದೆ ತೋರಿಸುತ್ತದೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಆ ಹಣ ಬರುವುದು ಜೂನ್ 2ಕ್ಕೆ. ಮಾರ್ಚ್‌ನಲ್ಲಿ ಅವನನ್ನು ಕಳುಹಿಸಿದರೂ ಅಲ್ಲಿಯವರೆಗೆ 1.7 ಕೋಟಿಯ ಹೊರೆ ಪೂರ್ತಿ ಪುಸ್ತಕದಲ್ಲೇ ಇರುತ್ತದೆ. ಫ್ರೀ ಏಜೆಂಟ್‌ಗಳ (ಒಪ್ಪಂದ ಮುಗಿದು ಬೇರೆ ತಂಡ ಸೇರಬಹುದಾದವರ) ಪೈಪೋಟಿ ಲೀಗ್ ವರ್ಷದ ಮೊದಲ ವಾರದಲ್ಲೇ ಬಹುಮಟ್ಟಿಗೆ ಮುಗಿದಿರುವುದರಿಂದ ಈ ಹಣದಲ್ಲಿ ದೊಡ್ಡ ಹೆಸರು ಕೊಳ್ಳಲು ಆಗುವುದಿಲ್ಲ. ಡ್ರಾಫ್ಟ್ ಆಟಗಾರರ ಸಹಿಗೆ, ಸೀಸನ್ ಖರ್ಚಿಗೆ ಅದು ಸರಿ. ಇನ್ನೊಂದು ಕಟ್ಟು: ಹೀಗೆ ಮೊದಲೇ ಗುರುತು ಮಾಡಲು ತಂಡಕ್ಕೆ ವರ್ಷಕ್ಕೆ ಇಬ್ಬರಿಗೆ ಮಾತ್ರ ಅವಕಾಶ. ಪರದೆಯ ಮೇಲೆ ಆರು ಜನರಿಗೆ ಈ ಗುರುತು ಹಾಕಿ ಮಾಡಿದ ಯೋಜನೆಗಳನ್ನು ಜನ ಹಂಚಿಕೊಳ್ಳುವುದುಂಟು. ಅವುಗಳಿಗೆ ಅರ್ಥವಿಲ್ಲ. ಆಟಗಾರನನ್ನು ಬೇರೆ ತಂಡಕ್ಕೆ ಕೊಡುವಾಗಲಂತೂ ಮೊದಲೇ ಗುರುತು ಮಾಡುವ ಅವಕಾಶವೇ ಇಲ್ಲ, ವ್ಯವಹಾರವೇ ಜೂನ್ 1 ಕಳೆದು ಆಗಬೇಕು. ಗ್ರೀನ್ ಬೇ ಪ್ಯಾಕರ್ಸ್ 2023ರ ಏಪ್ರಿಲ್‌ನಲ್ಲಿ ಆರನ್ ರಾಜರ್ಸ್ ಅವರನ್ನು ಜೆಟ್ಸ್‌ಗೆ ಕೊಟ್ಟಾಗ ಆ ವರ್ಷವೊಂದಕ್ಕೇ 4 ಕೋಟಿಗೂ ಹೆಚ್ಚು ಡೆಡ್ ಮನಿ ಹೊತ್ತುಕೊಂಡಿತು. ಹಳೆಯ ಬೋನಸ್ಸಿನ ಕಂತುಗಳು ಕೊಟ್ಟ ತಂಡದಲ್ಲೇ ಉಳಿಯುತ್ತವೆ, ಪಡೆದ ತಂಡಕ್ಕೆ ಹೋಗುವುದು ಮುಂದಿನ ಸಂಬಳ ಮಾತ್ರ.

ಕ್ಯಾಲ್ಕುಲೇಟರ್‌ನಲ್ಲಿ ಎಲ್ಲರ ಬೆರಳೂ ಮೊದಲು ಹೋಗುವುದು ರೀಸ್ಟ್ರಕ್ಚರ್ ಆಯ್ಕೆಗೆ. ಈ ವರ್ಷದ ಸಂಬಳವನ್ನು ಕನಿಷ್ಠ ದರದವರೆಗೆ ಇಳಿಸಿ, ಉಳಿದದ್ದನ್ನು ಬೋನಸ್ ಆಗಿ ಬದಲಿಸಿ, ಮುಂದಿನ ವರ್ಷಗಳಿಗೆ ಹಂಚುವುದು. ಆಟಗಾರನಿಗೆ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಹಣ ಬೇಗ ಸಿಗುತ್ತದೆ. ಅದಕ್ಕೇ ಒಪ್ಪದವರು ಕಡಿಮೆ. ನ್ಯೂ ಆರ್ಲಿಯನ್ಸ್ ಸೇಂಟ್ಸ್ 2025ರ ಮಾರ್ಚ್‌ನಲ್ಲಿ ಡೆರೆಕ್ ಕಾರ್ ವಿಷಯದಲ್ಲಿ ಮಾಡಿದ್ದನ್ನು ಹಿಡಿದು ನೋಡಿದರೆ ಯಂತ್ರ ಹೇಗೆ ತಿರುಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಅವರ ಆ ವರ್ಷದ ಸಂಬಳ 3 ಕೋಟಿ, ರೋಸ್ಟರ್ ಬೋನಸ್ 1 ಕೋಟಿ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಆಡಿದವರಿಗೆ ಆಗ ಕನಿಷ್ಠ ಸಂಬಳ 12.55 ಲಕ್ಷ ಇತ್ತು. ಅದನ್ನು ಬಿಟ್ಟು ಉಳಿದ 3.8745 ಕೋಟಿಯನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 77.49 ಲಕ್ಷ. ಈ ವರ್ಷಕ್ಕೆ ಒಂದು ಕಂತು ಉಳಿದು, ನಾಲ್ಕು ಕಂತು ಮುಂದೆ ಹೋಗುತ್ತವೆ. ಖಾಲಿಯಾದ ಜಾಗ ಸುಮಾರು 3.1 ಕೋಟಿ. ಒಪ್ಪಂದದಲ್ಲಿ ಆಡಬೇಕಾದ ವರ್ಷ ಎರಡೇ ಉಳಿದಿದ್ದವು. ಐದಕ್ಕೆ ಹಂಚಲು ಆಗಿದ್ದು ವಾಯ್ಡ್ ವರ್ಷಗಳಿಂದ, ಅಂದರೆ ಆಟಗಾರ ಆಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿದ್ದೂ ಕಂತು ಹಂಚುವುದಕ್ಕಾಗಿಯೇ ಬರೆದುಕೊಳ್ಳುವ ವರ್ಷಗಳಿಂದ. ಎರಡೇ ವರ್ಷಕ್ಕೆ ಹಂಚಿದ್ದರೆ ಉಳಿತಾಯ 1.94 ಕೋಟಿಗೆ ನಿಲ್ಲುತ್ತಿತ್ತು. ತಾಣದಲ್ಲಿ ಸಿಂಪಲ್ ರೀಸ್ಟ್ರಕ್ಚರ್, ಮ್ಯಾಕ್ಸಿಮಮ್ ರೀಸ್ಟ್ರಕ್ಚರ್ ಎಂದು ಎರಡು ಅಂಕಿ ಕಂಡರೆ ವ್ಯತ್ಯಾಸ ಇದೇ. ಮೊದಲನೆಯದು ಇರುವ ವರ್ಷಗಳಿಗೆ ಹಂಚಿದ್ದು, ಎರಡನೆಯದು ವಾಯ್ಡ್ ವರ್ಷ ಸೇರಿಸಿ ಹಂಚಿದ್ದು.

ಮೇ ತಿಂಗಳಲ್ಲಿ ಭುಜದ ಗಾಯದಿಂದ ಕಾರ್ ನಿವೃತ್ತಿ ಘೋಷಿಸಿದರು. ಮುಂದಕ್ಕೆ ತಳ್ಳಿದ ಹಳೆಯ ಬೋನಸ್ ಕಂತುಗಳು ಆಟಗಾರನಿಲ್ಲದೆಯೂ ತಂಡದ ತಲೆಯ ಮೇಲೇ ಉಳಿದವು. ಟಾಂಪಾ ಬೇ ಬುಕನೀರ್ಸ್‌ಗೂ ಟಾಮ್ ಬ್ರಾಡಿ 2023ರಲ್ಲಿ ನಿವೃತ್ತರಾದಾಗ ಹೀಗೇ ಆಯಿತು: ಆಡದ ಆಟಗಾರನಿಗೆ ಆ ವರ್ಷ 3.5 ಕೋಟಿ ಹೊರೆ. ರೀಸ್ಟ್ರಕ್ಚರ್‌ನಿಂದ ಹಸಿರಾದ ಅಂಕಿ ಕಂಡು ಕುಣಿಯುವ ಮುಂಚೆ ಆ ಆಟಗಾರನ ಪುಟದ ಮುಂದಿನ ಎರಡು ಸಾಲು ನೋಡಲೇಬೇಕು. ಮುಂದಿನ ಮಾರ್ಚ್‌ನಲ್ಲಿ ಅವನನ್ನು ಬಿಡಬೇಕಾದರೆ ಡೆಡ್ ಮನಿ ಎಷ್ಟಾಗುತ್ತದೆ ಎಂಬ ಅಂಕಿಯೇ ಇವತ್ತಿನ ಉಳಿತಾಯದ ಬೆಲೆ. ನಮ್ಮ ಅಳತೆ ಹೀಗಿದೆ: ವಯಸ್ಸು 28 ದಾಟದ, ಇನ್ನೂ ಎರಡು ಸೀಸನ್ ಹೇಗೂ ಬೇಕಾಗಿರುವ ಆಟಗಾರನಿಗೆ ಮಾತ್ರ ಈ ಆಯ್ಕೆ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು), ಆಫೆನ್ಸಿವ್ ಟ್ಯಾಕಲ್ (ಅವನನ್ನು ಕಾಯುವವನು) ಆದರೆ ವಯಸ್ಸನ್ನು ಸ್ವಲ್ಪ ಸಡಿಲಿಸಬಹುದು. 30 ದಾಟಿದ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ ಬೇಡವೇ ಬೇಡ.

ಹಾಗಂತ ಮುಂದಕ್ಕೆ ತಳ್ಳುವುದೆಲ್ಲ ದಡ್ಡತನವೂ ಅಲ್ಲ. ಮಿತಿ 2023ರಲ್ಲಿ 22.48 ಕೋಟಿ, 2024ರಲ್ಲಿ 25.54 ಕೋಟಿ, 2025ರಲ್ಲಿ 27.92 ಕೋಟಿ. 1 ಕೋಟಿಯ ಹೊರೆ 2023ರಲ್ಲಿ ಮಿತಿಯ ಶೇ 4.4 ಆಗಿದ್ದರೆ 2025ರಲ್ಲಿ ಶೇ 3.6 ಮಾತ್ರ. ಬಾಕಿ ಅಷ್ಟೇ ಇದ್ದರೂ ಅದರ ಭಾರ ಕಡಿಮೆಯಾಗುತ್ತದೆ. ಫಿಲಡೆಲ್ಫಿಯಾ ಈಗಲ್ಸ್ ಇದನ್ನೇ ನೆಚ್ಚಿಕೊಂಡು ವರ್ಷಗಳಿಂದ ತಂಡ ಕಟ್ಟುತ್ತಿದೆ, ಗೆದ್ದೂ ಇದೆ. ಆದರೆ ಮಿತಿ ಏರುತ್ತಲೇ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಕೋವಿಡ್ ಆದ ಮೇಲೆ 2021ರಲ್ಲಿ ಅದು 19.82 ಕೋಟಿಯಿಂದ 18.25 ಕೋಟಿಗೆ ಇಳಿಯಿತು. ಆ ಮಾರ್ಚ್‌ನಲ್ಲಿ ಒಳ್ಳೆಯ ಆಟಗಾರರು ಸಾಲುಸಾಲಾಗಿ ಬೀದಿಗೆ ಬಂದದ್ದು ಅದರಿಂದಲೇ. ಆಟಗಾರನ ಪುಟದಲ್ಲಿರುವ ಶೇಕಡಾ ಅಂಕಣವನ್ನು ಡಾಲರ್ ಅಂಕಣಕ್ಕಿಂತ ಹೆಚ್ಚು ಗಮನದಿಂದ ಓದಬೇಕು.

ಕ್ಯಾಲ್ಕುಲೇಟರ್ ಹೇಳದ ಸಂಗತಿಗಳಲ್ಲಿ ದೊಡ್ಡದು ಗ್ಯಾರಂಟಿಯ ದಿನಾಂಕ. ಬಹಳ ಒಪ್ಪಂದಗಳಲ್ಲಿ ಮುಂದಿನ ವರ್ಷದ ಸಂಬಳ ಲೀಗ್ ವರ್ಷದ ಮೂರನೆಯ ಅಥವಾ ಐದನೆಯ ದಿನ ಗ್ಯಾರಂಟಿಯಾಗುತ್ತದೆ. ಆ ದಿನ ಕಳೆದರೆ ಕೈಬಿಡುವ ಲೆಕ್ಕವೇ ಬುಡಮೇಲು. ಡೆನ್ವರ್ ಬ್ರಾಂಕೋಸ್ 2024ರ ಮಾರ್ಚ್‌ನಲ್ಲಿ ರಸಲ್ ವಿಲ್ಸನ್ ಅವರನ್ನು ಬಿಟ್ಟದ್ದಕ್ಕೆ ಗಡಿಯಾರದ ಒತ್ತಡವೇ ಕಾರಣ. ಇನ್ನು ಕೆಲವು ದಿನ ತಡೆದಿದ್ದರೆ 2025ರ ಸಂಬಳ 3.7 ಕೋಟಿಯೂ ಗ್ಯಾರಂಟಿಯಾಗುತ್ತಿತ್ತು. ಅವರ 8.5 ಕೋಟಿ ಡೆಡ್ ಮನಿ ಎಲ್ಲಿಂದ ಬಂತು ಎಂದು ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸ. 2022ರ ಸೈನಿಂಗ್ ಬೋನಸ್ 5 ಕೋಟಿಯಲ್ಲಿ ವರ್ಷಕ್ಕೆ 1 ಕೋಟಿಯಂತೆ ಮೂರು ಕಂತು ಬಾಕಿ. 2023ರ ಆಪ್ಷನ್ ಬೋನಸ್ (ಸೈನಿಂಗ್ ಬೋನಸ್ಸಿನಂತೆಯೇ ಹಂಚುವ, ಆಮೇಲೆ ಕೊಡುವ ಬೋನಸ್) 2 ಕೋಟಿಯಲ್ಲಿ 40 ಲಕ್ಷದಂತೆ ನಾಲ್ಕು ಕಂತು ಬಾಕಿ. ಎರಡೂ ಸೇರಿ 4.6 ಕೋಟಿ. ಅದಕ್ಕೆ 2024ಕ್ಕೆ ಗ್ಯಾರಂಟಿಯಾಗಿದ್ದ 3.9 ಕೋಟಿ ಸೇರಿಸಿದರೆ 8.5. ಜೂನ್ 1ರ ಗುರುತು ಬಳಸಿದ್ದರಿಂದ 2024ಕ್ಕೆ 3.9 ಕೋಟಿ ಮತ್ತು ಆ ವರ್ಷದ ಕಂತು 1.4 ಕೋಟಿ, ಅಂದರೆ 5.3 ಕೋಟಿ ಬಂತು, ಉಳಿದ 3.2 ಕೋಟಿ 2025ಕ್ಕೆ ಹೋಯಿತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವರಿಗೆ ಕೊಟ್ಟದ್ದು ಕನಿಷ್ಠ ಸಂಬಳ 12.1 ಲಕ್ಷ. ಒಪ್ಪಂದದಲ್ಲಿ ಆಫ್‌ಸೆಟ್ (ಹೊಸ ತಂಡ ಕೊಟ್ಟಷ್ಟನ್ನು ಹಳೆಯ ತಂಡ ಕಳೆದುಕೊಳ್ಳುವ ಷರತ್ತು) ಇದ್ದದ್ದರಿಂದ ಅಷ್ಟು ಕಳೆದು ಉಳಿದ 3.779 ಕೋಟಿಯನ್ನು ಬ್ರಾಂಕೋಸ್ ಕೊಡಬೇಕಾಯಿತು. ಆ ಹೊರೆ ಹೊತ್ತುಕೊಂಡೇ ಬೋ ನಿಕ್ಸ್ ಎಂಬ ಹೊಸ ಹುಡುಗನ ಅಗ್ಗದ ಒಪ್ಪಂದದ ಆಸರೆಯಲ್ಲಿ ಅದೇ ಸೀಸನ್ನಿನಲ್ಲಿ ಪ್ಲೇಆಫ್ ಮುಟ್ಟಿತು. ಡೆಡ್ ಮನಿ ಕಂಡ ಕೂಡಲೇ ತಂಡ ಮುಗಿಯಿತು ಎನ್ನುವವರು ಇದನ್ನು ನೋಡಬೇಕು. ಗ್ಯಾರಂಟಿಯ ದಿನಾಂಕವನ್ನು ಪುಟದ ಕೆಳಗಿನ ಒಪ್ಪಂದದ ಟಿಪ್ಪಣಿಗಳಲ್ಲಿ ಹುಡುಕಿ ಓದಬೇಕಾಗುತ್ತದೆ. ಕೈಬಿಡುವ ಆಯ್ಕೆಯ ಪಕ್ಕದಲ್ಲೇ ಅದು ಬಂದರೆ ತಾಣದ ಬಹುದೊಡ್ಡ ಕೊರತೆ ನೀಗುತ್ತದೆ.

ಕಾಂಪನ್ಸೇಟರಿ ಡ್ರಾಫ್ಟ್ ಆಯ್ಕೆಗಳ ಪಟ್ಟಿಯನ್ನು ಇಷ್ಟು ಚೊಕ್ಕವಾಗಿ ಇಡುವ ತಾಣ ಇನ್ನೊಂದಿಲ್ಲ. ಒಪ್ಪಂದ ಮುಗಿದು ಹೋದ ಆಟಗಾರರು ಎಷ್ಟು, ಹಾಗೆ ಬಂದವರು ಎಷ್ಟು ಎಂದು ಒಬ್ಬರಿಗೊಬ್ಬರನ್ನು ಲೆಕ್ಕದಿಂದ ಕಳೆದು, ಕಳೆದುಕೊಂಡದ್ದೇ ಹೆಚ್ಚಾದರೆ ಮುಂದಿನ ಡ್ರಾಫ್ಟ್‌ನ ಮೂರರಿಂದ ಏಳನೇ ಸುತ್ತಿನ ಕೊನೆಯಲ್ಲಿ ಲೀಗ್ ಪರಿಹಾರ ಕೊಡುತ್ತದೆ. ಒಂದು ತಂಡಕ್ಕೆ ಗರಿಷ್ಠ ನಾಲ್ಕು. ಇಲ್ಲಿ ಎರಡು ಸೂಕ್ಷ್ಮಗಳನ್ನು ನೆನಪಿಡಬೇಕು. ಬೇರೆ ತಂಡ ಕೈಬಿಟ್ಟ ಆಟಗಾರನನ್ನು ತೆಗೆದುಕೊಂಡರೆ ಈ ಲೆಕ್ಕಕ್ಕೆ ಧಕ್ಕೆಯಿಲ್ಲ, ಒಪ್ಪಂದ ಮುಗಿದು ಬಂದವನಾದರೆ ಮಾತ್ರ ಹೊಡೆತ. ಡ್ರಾಫ್ಟ್ ಮುಗಿದ ನಂತರದ ಸೋಮವಾರ ಕಳೆದ ಮೇಲೆ ಸಹಿ ಹಾಕಿಸಿದರೆ ಅವನೂ ಲೆಕ್ಕಕ್ಕಿಲ್ಲ. ಮೇ ತಿಂಗಳಲ್ಲಿ ಹಳೆಯ ಹೆಸರುಗಳು ಅಗ್ಗದ ಒಪ್ಪಂದಕ್ಕೆ ಸರಸರ ಸಹಿ ಹಾಕುವುದರ ಗುಟ್ಟು ಇದು. 40 ಲಕ್ಷದ ಸಾಧಾರಣ ಆಟಗಾರನಿಗಾಗಿ ನಾಲ್ಕನೇ ಸುತ್ತಿನ ಆಯ್ಕೆಯೊಂದು ಹೋಗುತ್ತಿದೆಯೇ ಎಂದು ಸಹಿಗೆ ಮುಂಚೆಯೇ ಈ ಪಟ್ಟಿಯಲ್ಲಿ ನೋಡಿಕೊಳ್ಳಬಹುದು.

ಫ್ರ್ಯಾಂಚೈಸ್ ಟ್ಯಾಗ್ (ಒಪ್ಪಂದ ಮುಗಿಯುವ ಆಟಗಾರನನ್ನು ನಿಗದಿತ ಸಂಬಳಕ್ಕೆ ಇನ್ನೊಂದು ವರ್ಷ ಉಳಿಸಿಕೊಳ್ಳುವ ಗುರುತು) ಹಾಕುವ ಯೋಜನೆ ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಕ್ಯಾಲ್ಕುಲೇಟರ್‌ಗೆ ಸೇರಿಸಿ. ಆಟಗಾರ ಸಹಿ ಹಾಕಲಿ ಬಿಡಲಿ, ಲೀಗ್ ವರ್ಷ ಶುರುವಾದ ಕ್ಷಣದಿಂದ ಪೂರ್ತಿ ಮೊತ್ತ ಮಿತಿಯಲ್ಲಿ ಕೂರುತ್ತದೆ, ಕಂತಿಗೆ ಹಂಚಲು ಬರುವುದಿಲ್ಲ.

ದೋಷಗಳು ಇಲ್ಲವೆಂದಲ್ಲ. ಇದು ಲೀಗಿನ ಅಧಿಕೃತ ಲೆಕ್ಕವಲ್ಲ. ಹೊಸ ಒಪ್ಪಂದದ ಸುದ್ದಿ ಬಂದ ದಿನ ಒಟ್ಟು ಮೊತ್ತ ಮಾತ್ರ ಗೊತ್ತಿರುತ್ತದೆ, ವರ್ಷವಾರು ವಿವರ ಹೊರಬರಲು ಕೆಲವು ದಿನ ಬೇಕು. ಲೀಗ್ ವರ್ಷದ ಮೊದಲ ವಾರ ತಂಡದ ಉಳಿಕೆ ಅಂಕಿಯನ್ನು ಅದಕ್ಕೇ ಕಣ್ಣುಮುಚ್ಚಿ ನಂಬಬಾರದು. ಆಟಗಾರರ ಸಂಘದ ಸಾರ್ವಜನಿಕ ವರದಿಯಲ್ಲಿ ತಂಡವಾರು ಉಳಿಕೆ ಬರುತ್ತದೆ. ಅದನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ, ದೊಡ್ಡ ವ್ಯತ್ಯಾಸ ಕಂಡರೆ ಯಾವುದೋ ಒಪ್ಪಂದ ಇನ್ನೂ ಒಂದು ಕಡೆ ದಾಖಲಾಗಿಲ್ಲ ಎಂದು ತಿಳಿಯಿರಿ. ಅಂಕಣಗಳು ಅಗಲವಾಗಿರುವುದರಿಂದ ಫೋನಿನಲ್ಲಿ ಕೆಲಸ ಮಾಡುವುದು ತ್ರಾಸ, ಲ್ಯಾಪ್‌ಟಾಪ್ ಬೇಕು. ಸ್ಪೋಟ್ರ್ಯಾಕ್ ಎಲ್ಲ ಅಮೆರಿಕನ್ ಆಟಗಳ ಸಂಬಳವನ್ನೂ ಒಂದೇ ಕಡೆ ಕೊಡುತ್ತದೆ, ನೋಡಲೂ ಅಂದ. ಆದರೆ ಎನ್‌ಎಫ್‌ಎಲ್‌ನ ರೀಸ್ಟ್ರಕ್ಚರ್, ಡೆಡ್ ಮನಿಯ ಒಳಸುಳಿಗೆ ಓವರ್ ದಿ ಕ್ಯಾಪ್ ಒಂದು ಕೈ ಮೇಲು.

ಕೆಲಸದ ಕ್ರಮ ಹೀಗಿದ್ದರೆ ಒಳ್ಳೆಯದು: ಮೊದಲು ಟ್ಯಾಗ್ ಮತ್ತು ಉಳಿಸಿಕೊಳ್ಳಲೇಬೇಕಾದವರು, ಆಮೇಲೆ ಡೆಡ್ ಮನಿ ಕಡಿಮೆ ಇರುವವರ ಬಿಡುಗಡೆ, ಆಮೇಲೆ ಹೊಸ ಒಪ್ಪಂದ ವಿಸ್ತರಣೆ. ಆಗಲೂ ಸಾಲದಿದ್ದರೆ ಮಾತ್ರ ರೀಸ್ಟ್ರಕ್ಚರ್. ಅದನ್ನೇ ಮೊದಲು ಒತ್ತಿದರೆ ಮಿಕ್ಕ ದಾರಿಗಳು ಕಣ್ಣಿಗೇ ಬೀಳುವುದಿಲ್ಲ. ಕೊನೆಗೆ ಬಂದ ಉಳಿಕೆಯಲ್ಲಿ ಸೆಪ್ಟೆಂಬರ್‌ಗೆ ಸುಮಾರು 1 ಕೋಟಿ ಎತ್ತಿಡಬೇಕು. ಸೀಸನ್ ಶುರುವಾದಾಗ 51ರ ರಿಯಾಯಿತಿ ಮುಗಿದು 53 ಜನರೂ ಲೆಕ್ಕಕ್ಕೆ ಬರುತ್ತಾರೆ: ಇಬ್ಬರಿಗೆ 16.8 ಲಕ್ಷ. ಪ್ರಾಕ್ಟೀಸ್ ಸ್ಕ್ವಾಡ್‌ನ (ಅಭ್ಯಾಸಕ್ಕಿರುವ ಮೀಸಲು ಆಟಗಾರರ ಗುಂಪು) 16 ಜನರಿಗೆ 2025ರ ದರದಲ್ಲಿ ವಾರಕ್ಕೆ 13,000 ಡಾಲರ್‌ನಂತೆ 18 ವಾರಕ್ಕೆ 37.4 ಲಕ್ಷ. ಗಾಯಗೊಂಡು ಹೊರಗಿರುವವರ ಸಂಬಳ ಲೆಕ್ಕದಲ್ಲೇ ಇರುವಾಗ ಅವರ ಜಾಗಕ್ಕೆ ಕರೆಸುವವರಿಗೆ ಉಳಿದದ್ದು. ಆ ಕೋಟಿಯಲ್ಲಿ ಖರ್ಚಾಗದೆ ಮಿಕ್ಕಿದ್ದು ಮುಂದಿನ ವರ್ಷದ ಮಿತಿಗೆ ಸೇರಿಕೊಳ್ಳುತ್ತದೆ, ಆದ್ದರಿಂದ ಸ್ವಲ್ಪ ಹೆಚ್ಚೇ ಎತ್ತಿಟ್ಟರೂ ನಷ್ಟವಿಲ್ಲ.